ಅಣ್ಣನ ಕೈ ಹೇಳಿದ್ದು, ನಾನು ಹೇಳದೆ ಬಿಟ್ಟದ್ದು

ನನಗಿಂತ ಮೂರು ವರ್ಷ ದೊಡ್ಡವನಾದ ನನ್ನ ಅಣ್ಣನಿಗೆ ಕಿವಿ ಕೇಳುವುದಿಲ್ಲ. ನಾಲ್ಕನೆಯ ವಯಸ್ಸಿನಲ್ಲಿ ಜ್ವರ ಬಂದು ಹದಿನೈದು ದಿನ ಮಲಗಿದ್ದನಂತೆ. ಎದ್ದ ಮೇಲೆ ಅವ್ವ ಎಷ್ಟು ಕೂಗಿದರೂ ತಿರುಗಿ ನೋಡಲಿಲ್ಲ. ಬಾಯಲ್ಲಿದ್ದ ನಾಲ್ಕು ಮಾತೂ ವರ್ಷದೊಳಗೆ ಹೋದವು. ನಾನು ಮಾತು ಕಲಿಯುವ ಹೊತ್ತಿಗೆ ಅವನು ಕೈಯಲ್ಲಿ ಮಾತಾಡುತ್ತಿದ್ದ. ಹಾಗಾಗಿ ಬಾಯಿಮಾತನ್ನೂ ಅವನ ಕೈಮಾತನ್ನೂ ನಾನು ಒಟ್ಟಿಗೇ ಕಲಿತೆ.

ಮೂಗಿನ ಪಕ್ಕ ಬೆರಳಿಟ್ಟರೆ ಅವ್ವ. ಅಲ್ಲಿ ಅವಳ ಮೂಗುತಿ ಇತ್ತು. ತಲೆಯ ಸುತ್ತ ಬೆರಳು ತಿರುಗಿಸಿದರೆ ರುಮಾಲು ಸುತ್ತಿದ ಅಪ್ಪ. ಎರಡು ಕೈಗಳನ್ನು ಭುಜದಿಂದ ಎದೆಯವರೆಗೆ ಇಳಿಬಿಟ್ಟರೆ ಎರಡು ಜಡೆಯ ನಾನು. ಇಂಥವು ನೂರಾರು ಇದ್ದವು, ಎಲ್ಲವೂ ನಮ್ಮ ಮನೆಯಲ್ಲೇ ಹುಟ್ಟಿದವು. ಅಪ್ಪ ಅವ್ವನಿಗೆ ಅದರಲ್ಲಿ ಊಟ, ನೀರು, ಬಾ, ಹೋಗು ಇಷ್ಟೇ ಗೊತ್ತಾಗುತ್ತಿತ್ತು. ಮಿಕ್ಕದ್ದಕ್ಕೆಲ್ಲ ನಾನೇ ಬೇಕು. ಅಪ್ಪ ಕಮಲಾಪುರದಲ್ಲಿ ಇನ್ನೊಬ್ಬರ ಬಾಳೆ ತೋಟದಲ್ಲಿ ದುಡಿಯುತ್ತಿದ್ದ. ಸಂಜೆ ಕೆಂಪು ಬಾಳೆಯ ಗೊನೆಗಳನ್ನು ಗಾಡಿಗೆ ಹೇರಿ ಬಂದು, ಮೈಮೇಲೆ ನೀರು ಹಾಕಿಕೊಂಡು ಕುಳಿತ ಮೇಲೆ, ಅಣ್ಣ ಅವನ ಮುಂದೆ ನಿಂತು ಕೈಯಾಡಿಸುತ್ತಿದ್ದ. ಅಪ್ಪ ನನ್ನ ಕಡೆ ನೋಡುತ್ತಿದ್ದ. "ಏನಂತಾನ ಅವಾ?" ಎಂದು ಕೇಳಿದಾಗ ನನಗೆ ಒಳಗೊಳಗೇ ಹೆಮ್ಮೆ.

ಅಣ್ಣನಿಗೆ ಹತ್ತು ವರ್ಷವಾದಾಗ ಯಾರೋ ಹೇಳಿದರೆಂದು ಅಪ್ಪ ಅವನನ್ನು ಕಲಬುರಗಿಯ ಒಂದು ಕಿವುಡ ಮಕ್ಕಳ ಶಾಲೆಗೆ ಸೇರಿಸಿದ. ನಮ್ಮ ಊರು ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸು. ಆದರೆ ಅವನು ಅಲ್ಲೇ ಹಾಸ್ಟೆಲಿನಲ್ಲಿರಬೇಕಿತ್ತು. ತಗಡಿನ ಟ್ರಂಕು ಹೊತ್ತು ಹೋದವನು ದೀಪಾವಳಿಯ ರಜೆಗೆ ಬಂದ. ಆ ನಾಲ್ಕೈದು ತಿಂಗಳು ನಾನು ಮನೆಯಲ್ಲಿ ಒಬ್ಬಳೇ ಇದ್ದೆ ಅನ್ನುವುದೇ ನನಗಿರುವ ನೆನಪು.

ಬಂದವನು ಬೇರೆಯೇ ಆಗಿದ್ದ. ಕೈ ಬಹಳ ಚುರುಕಾಗಿತ್ತು. ನನಗೆ ಗೊತ್ತಿಲ್ಲದ ಸನ್ನೆಗಳು ನಡುನಡುವೆ ಬರುತ್ತಿದ್ದವು. ನಾನು ಅರ್ಥವಾಗಲಿಲ್ಲವೆಂದು ತಲೆಯಾಡಿಸಿದರೆ ನಗುತ್ತಿದ್ದ. ನನಗೂ ಕಲಿಸಲು ನೋಡಿದ. ನಾನು ಕಲಿಯಲಿಲ್ಲ. ಅವನ ಮಾತು ಜಗತ್ತಿನಲ್ಲಿ ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದ ನನಗೆ, ಅವನಿಗೆ ಬೇರೆ ಯಾರೋ ಸಿಕ್ಕಿದ್ದಾರೆ ಎಂದು ಸಿಟ್ಟು ಬಂದಿತ್ತು. ಏಳು ವರ್ಷದವಳಿಗೂ ಅಂಥ ಸಿಟ್ಟು ಬರುತ್ತದೆ.

ರಜೆ ಮುಗಿಯುವ ಹಿಂದಿನ ದಿನ ಅವನು ಅಪ್ಪನ ಮುಂದೆ ನಿಂತು ಶಾಲೆಯ ಸುದ್ದಿ ಹೇಳಿದ. ಮಾಸ್ತರರು ಮೇಜಿನ ಮೇಲೆ ಹೇಗೆ ಕೈ ಬಡಿಯುತ್ತಾರೆ, ನೆಲಕ್ಕೆ ಕಾಲು ಅಪ್ಪಳಿಸುತ್ತಾರೆ, ಅಂಗಾಲಿಗೆ ಅದು ತಿಳಿದು ಮಕ್ಕಳೆಲ್ಲ ಒಟ್ಟಿಗೆ ಹೇಗೆ ತಲೆ ಎತ್ತುತ್ತಾರೆ, ಯಾರಾದರೂ ನೋಡದಿದ್ದರೆ ಹತ್ತಿರ ಬಂದು ಹೇಗೆ ಭುಜ ತಟ್ಟುತ್ತಾರೆ ಎಂದು ಮಾಡಿ ತೋರಿಸಿದ. ಅವನ ಮುಖದ ತುಂಬ ನಗು ಇತ್ತು.

"ಏನಂತಾನ?" ಅಂದ ಅಪ್ಪ.

"ಸಾಲ್ಯಾಗ ಹೊಡಿತಾರಂತ," ಅಂದೆ ನಾನು.

"ಖರೇನೇ?"

"ಹೂಂ. ಭುಜಕ್ಕ ಹೊಡಿತಾರಂತ. ದಿನಾ." ಹೀಗೆಂದು ನನ್ನ ಭುಜಕ್ಕೆ ನಾನೇ ಗುದ್ದಿ ತೋರಿಸಿದೆ.

"ನನ್ನ ಮಗನಿಗಿ ಬಡಿಸ್ಕೊಳಾಕ ಕಳ್ಸೀನೇನು ನಾ?" ಎಂದು ಅಪ್ಪ ಎದ್ದು ನಿಂತ. "ಬ್ಯಾಡ ಆ ಸಾಲಿ. ಮನ್ಯಾಗೇ ಇರ್ಲಿ."

ಮರುದಿನ ಅಣ್ಣ ತಲೆಗೆ ಎಣ್ಣೆ ಹಚ್ಚಿಕೊಂಡು ಟ್ರಂಕಿನ ಮೇಲೆ ಕುಳಿತಿದ್ದ. ಅಪ್ಪ ಅವನನ್ನು ಎಬ್ಬಿಸಿ ಟ್ರಂಕನ್ನು ಒಳಗೆ ಒಯ್ದು ಜೋಳದ ಚೀಲಗಳ ಪಕ್ಕ ಇಟ್ಟ. ಅಣ್ಣ ನನ್ನ ಕಡೆ ತಿರುಗಿ, ಯಾಕೆ ಎಂದು ಕೈ ಮಾಡಿದ. ನಾನು ಗೊತ್ತಿಲ್ಲ ಎಂದೆ.

ಕೆಲವು ದಿನಗಳ ಮೇಲೆ ಆ ಶಾಲೆಯ ಮಾಸ್ತರರೊಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ಹುಡುಗನಿಗೆ ಹೊಡೆಯುತ್ತೀರಂತೆ ಎಂದು ಅಪ್ಪ ರೇಗಿದ. "ನಮ್ಮಲ್ಲಿ ಯಾರೂ ಹೊಡ್ಯಂಗಿಲ್ರಿ. ಹುಡುಗ ಭಾಳ ಚುರುಕ ಇದ್ದಾನ. ಕಳಸ್ರಿ," ಎಂದು ಬಾಗಿಲಲ್ಲೇ ನಿಂತು ಕೇಳಿಕೊಂಡರು. "ಹಂಗಾದ್ರ ನನ್ನ ಮಗಳು ಸುಳ್ಳು ಹೇಳ್ತಾಳೇನ್ರಿ?" ಎಂದು ಅಪ್ಪ ಕೇಳಿದ. ನಾನು ಚೀಲಗಳ ಹಿಂದೆ ಕುಳಿತಿದ್ದೆ. ಎದ್ದು ಬಂದು ಒಂದು ಮಾತು ಹೇಳಿದ್ದರೆ ಅಣ್ಣ ಅದೇ ಬಸ್ಸಿನಲ್ಲಿ ಅವರ ಜೊತೆ ಹೋಗುತ್ತಿದ್ದ. ನಾನು ಏಳಲಿಲ್ಲ.

ಆಮೇಲಿನದು ಉದ್ದದ ಕಥೆಯೇನಲ್ಲ. ನಾನು ಓದಿದೆ, ಕಲಬುರಗಿಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು. ಅಣ್ಣ ಅಪ್ಪನ ಜೊತೆ ತೋಟದಲ್ಲಿ ದುಡಿದ. ಮೂವತ್ತರ ಹತ್ತಿರ ಬಂದಾಗ ಕಲಬುರಗಿಯ ಅಂಚಿನ ಕಪನೂರಿನ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿ ನನ್ನ ಮನೆಯಲ್ಲೇ ಉಳಿದ. ಅವನಿಗೆ ಮದುವೆಯಾಗಲಿಲ್ಲ. ಅಪ್ಪನೂ ಅವ್ವನೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಮಿಲ್ಲಿನ ಮಾಲೀಕರಿರಲಿ, ಎಲ್ಲಿ ಹೋದರೂ ಅವನ ಬಾಯಿ ನಾನೇ. "ಎಂಥಾ ತಂಗಿ!" ಎಂದು ಜನ ಹೊಗಳುತ್ತಿದ್ದರು. ನಾನು ಬೇಡವೆಂದು ಕೈಯಾಡಿಸುತ್ತಿದ್ದೆ, ಆದರೆ ಕೇಳಿಸಿಕೊಳ್ಳುತ್ತಿದ್ದೆ.

ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಹೆಸರು ಬರೆದು ಚೀಟಿ ಕೊಡುವ ಕೌಂಟರಿನಲ್ಲಿ ನನ್ನ ಕೆಲಸ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಾಲಿಕುರ್ಚಿಯಲ್ಲಿ ಕುಳಿತ ಹೆಂಗಸೊಬ್ಬರು ಬಂದರು. ಹಿಂದೆ ಕುರ್ಚಿ ತಳ್ಳುತ್ತಿದ್ದವನನ್ನು ನಾನು ಕೇಳಿದೆ, "ಇವರಿಗಿ ಏನ್ ತ್ರಾಸ ಅದ?"

"ತ್ರಾಸ ನಂದು ಅದ, ನನ್ನೇ ಕೇಳ್ರಿ," ಅಂದರು ಆ ಹೆಂಗಸು. "ಇವನು ಆಟೋದವ. ಇವನಿಗೇನ್ ಗೊತ್ತು?"

ಸಾಲಿನಲ್ಲಿದ್ದವರು ನಕ್ಕರು. ನಾನು ತಪ್ಪಾಯ್ತು ಅಂದೆ. ಅವರು ಬಿಡಲಿಲ್ಲ, ಚೀಟಿ ತೆಗೆದುಕೊಳ್ಳುತ್ತ, ದಿನಕ್ಕೆ ಎಷ್ಟು ಜನರನ್ನು ಹೀಗೆ ಬಿಟ್ಟು ಪಕ್ಕದವರನ್ನು ಕೇಳುತ್ತೀರಿ ಎಂದರು. ಹೀಗೆ ಪರಿಚಯವಾದ ಅವರನ್ನು ಮುಂದೆ ಎಲ್ಲರಂತೆ ನಾನೂ ಅಕ್ಕ ಎಂದೇ ಕರೆದೆ. ಅಕ್ಕ ಇನ್ನೂ ಕೆಲವರ ಜೊತೆ ಸೇರಿ ತಿಂಗಳಿಗೊಂದು ಭಾನುವಾರ ಒಂದು ಶಾಲೆಯ ಕೋಣೆಯಲ್ಲಿ ಕೂಟ ನಡೆಸುತ್ತಿದ್ದರು. ಅಂಗವಿಕಲರು ಬಂದು ತಮ್ಮ ಬದುಕಿನ ಕಥೆಯನ್ನು ತಾವೇ ಹೇಳಬೇಕು. ಬರೆಯಲು ಬಾರದವರದನ್ನು ಬೇರೆಯವರು ಬರೆದುಕೊಳ್ಳಬೇಕು. ಕೊನೆಗೆ ಎಲ್ಲವನ್ನೂ ಒಂದು ಪುಸ್ತಕ ಮಾಡುವುದು ಅವರ ಆಸೆ. ನನ್ನ ಅಕ್ಷರ ಚೆನ್ನಾಗಿದೆಯೆಂದು ನನ್ನನ್ನೂ ಕರೆದರು.

ಮೊದಲು ನಾನು ಬರೆದುಕೊಂಡದ್ದು ಕಾಳಿನ ಪೇಟೆಯಾದ ನೆಹರು ಗಂಜಿನಲ್ಲಿ ಮೂಟೆ ಹೊರುತ್ತಿದ್ದ ಒಬ್ಬ ಹಮಾಲನ ಕಥೆ. ಕಾಳಿನ ಚೀಲಗಳ ರಾಶಿ ಜರಿದು ಅವನ ಕಾಲು ಹೋಗಿತ್ತು. ಬರೆದದ್ದನ್ನು ಓದಿ ಹೇಳಿದಾಗ ಅವನು ನಡುವೆ ತಡೆದ.

"ಬಾಯಾರ, ನಾ ಅತ್ತಿಲ್ರಿ. ನೀವ್ಯಾಕ ಅಳಸೀರಿ?"

"ಕಾಲು ಹೋದ ಸುದ್ದಿ ಕೇಳಿದಾಗ..." ಎಂದು ನಾನು ತಡವರಿಸಿದೆ.

"ಆಗ ನನಗ ಚಾ ಕುಡಿಬೇಕು ಅನ್ನಿಸಿತ್ರಿ. ಹೇಳಿದ್ನಲ್ಲ ನಿಮಗ? ಅದೆಲ್ಲಿ ಹೋಯ್ತು?"

"ಅವರು ಚಾ ಅಂದ್ರ ಚಾ ಅಂತ ಬರೀರಿ," ಅಂದರು ಅಕ್ಕ. "ಚಂದ ಮಾಡಾಕ ಹೋಗಬ್ಯಾಡ್ರಿ. ಅವರ ಮಾತು ಅವರದ್ದೇ ಇರ್ಲಿ."

ನಾನು ಅಳು ಹೊಡೆದುಹಾಕಿ ಚಹಾ ಬರೆದೆ. ಪಾಠ ಕಲಿತೆ ಎಂದುಕೊಂಡೆ. ಕೆಲವು ತಿಂಗಳ ಮೇಲೆ ಅಣ್ಣನನ್ನೂ ಕರೆದುಕೊಂಡು ಹೋದೆ. ಎರಡು ಕೂಟಗಳಲ್ಲಿ ಅವನು ಸುಮ್ಮನೆ ಕುಳಿತು ಎಲ್ಲರ ಮುಖ ನೋಡಿದ. ಮೂರನೆಯ ಸಲ ತಾನೇ ಕೈ ಎತ್ತಿ ಮುಂದೆ ಹೋಗಿ ನಿಂತ. ನಾನು ಪಕ್ಕದಲ್ಲಿ ನಿಂತೆ.

ಅವನು ಜ್ವರದಿಂದ ಶುರು ಮಾಡಿದ. ಬಸ್ಸು, ಟ್ರಂಕು, ಹಾಸ್ಟೆಲಿನ ಸಾಲು ಹಾಸಿಗೆ, ಸ್ಲೇಟಿನ ಮೇಲೆ ಬರೆದ ಮೊದಲ ಅಕ್ಷರ. ಇಷ್ಟನ್ನೂ ನಾನು ಹೇಳುತ್ತ ಹೋದೆ. ಮಾಸ್ತರರು ನೆಲಕ್ಕೆ ಕಾಲು ಅಪ್ಪಳಿಸಿದ್ದನ್ನು ಅವನು ತೋರಿಸಿದಾಗ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಅವನು ಎರಡು ಕೈಗಳನ್ನು ಭುಜದಿಂದ ಕೆಳಗಿಳಿಸಿದ. ಎರಡು ಜಡೆ. ಜಡೆಯವಳ ಬಾಯಿ ತೆರೆದುಕೊಂಡಿತು, ಮುಷ್ಟಿ ಭುಜಕ್ಕೆ ಗುದ್ದಿತು, ರುಮಾಲಿನ ಅಪ್ಪ ಎದ್ದು ನಿಂತ, ಟ್ರಂಕು ಒಳಗೆ ಹೋಯಿತು. ನಾನು ಅಂದು ಭುಜಕ್ಕೆ ಗುದ್ದಿಕೊಂಡದ್ದನ್ನು ಅವನು ನೋಡಿದ್ದ. ಅದರ ಅರ್ಥ ಅವನಿಗೆ ಗೊತ್ತಿತ್ತು. ಇಷ್ಟು ವರ್ಷವೂ ಗೊತ್ತಿತ್ತು. ಮತ್ತೊಮ್ಮೆ ಎರಡು ಜಡೆ ತೋರಿಸಿ, ಬಾಯಿಂದ ಬೆರಳನ್ನು ಸೊಟ್ಟಗೆ ಎಳೆದ. ನಮ್ಮ ಮನೆಯಲ್ಲಿ ಅದು ಸುಳ್ಳು. ಕೈ ಇಳಿಸಿ ನನ್ನ ಕಡೆ ನೋಡಿ, ಹೇಳು ಎಂಬಂತೆ ನಿಂತ.

"ಆಮ್ಯಾಲ ಮನ್ಯಾಗ ತೊಂದ್ರಿ ಆಯ್ತು, ಸಾಲಿ ಬಿಟ್ಟೆ ಅಂತಾನ್ರಿ," ಅಂದೆ ನಾನು.

ಅಕ್ಕ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದರು. "ಅವರು ಭಾಳ ಹೊತ್ತು ಹೇಳಿದ್ರಲ್ಲ. ನೀವು ಒಂದೇ ಮಾತಿನ್ಯಾಗ ಮುಗಿಸಿದ್ರಿ?"

"ಹೇಳಿದ್ದನ್ನೇ ಹೇಳ್ತಾನ್ರಿ ಅಕ್ಕಾ. ಅವನದು ಹಂಗೇ."

ಅಣ್ಣ ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಏನನ್ನು ಹುಡುಕುತ್ತಿದ್ದಾನೆಂದು ನನಗೆ ತಿಳಿಯಿತು. ಅವನು ಹೇಳಿದ್ದು ಅವರಿಗೆ ಮುಟ್ಟಿದ್ದರೆ ಅವರೆಲ್ಲರೂ ನನ್ನ ಕಡೆ ನೋಡಬೇಕಿತ್ತು. ಯಾರೂ ನೋಡಲಿಲ್ಲ. ಕೆಲವರು ಪಾಪ ಎಂಬಂತೆ ಅವನನ್ನೇ ನೋಡಿ ತಲೆಯಾಡಿಸಿದರು. ಅಣ್ಣ ಇನ್ನು ಕೈ ಎತ್ತದೆ ಹೋಗಿ ತನ್ನ ಜಾಗದಲ್ಲಿ ಕುಳಿತ. ಕೂಟ ಮುಗಿದಾಗ ನನ್ನ ಸ್ಕೂಟಿ ಹತ್ತಲಿಲ್ಲ, ನಡೆದುಕೊಂಡೇ ಮನೆಗೆ ಬಂದ.

ಅಂದಿನಿಂದ ಅವನು ನನ್ನ ಜೊತೆ ಮಾತು ಬಿಟ್ಟ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗುವುದು, ಸಂಜೆ ಬಂದು ತಾಟು ಮುಂದಿಟ್ಟುಕೊಂಡು ಉಣ್ಣುವುದು. ನಾನು ಎದುರು ನಿಂತು ಕೈ ಮಾಡಿದರೆ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದ. ಮಾತು ಕೇಳದಿರಲು ನಾವು ಕಿವಿ ಮುಚ್ಚಿಕೊಳ್ಳಬೇಕು. ಅವನು ಕಣ್ಣು ತಿರುಗಿಸಿದರೆ ಸಾಕಿತ್ತು. ನನ್ನ ಗಂಡ, ಏನಾಗ್ಯದ ನಿಮ್ಮಿಬ್ಬರಿಗಿ ಎಂದು ಕೇಳಿದರು. ಏನಿಲ್ಲ ಎಂದೆ.

ಹೀಗೇ ಒಂದು ತಿಂಗಳು ಕಳೆಯಿತು. ಕಮಲಾಪುರದ ಮನೆಯ ಮಾಳಿಗೆ ಸೋರುತ್ತಿದೆಯೆಂದು ಪಕ್ಕದವರು ಫೋನ್ ಮಾಡಿದ್ದರು. ಅದನ್ನೇ ನೆಪ ಮಾಡಿ ಮುಂದಿನ ಭಾನುವಾರ ಅವನನ್ನು ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕುಳಿತು ಹೊರಗೇ ನೋಡಿದ. ಮನೆಯ ಬೀಗ ತೆಗೆದು, ಅವನು ಮಾಳಿಗೆ ಹತ್ತುವ ಮೊದಲೇ ಕೈ ಹಿಡಿದು ನಿಲ್ಲಿಸಿದೆ. ಎರಡು ಜಡೆ ತೋರಿಸಿದೆ, ಭುಜಕ್ಕೆ ಗುದ್ದಿಕೊಂಡೆ, ಬಾಯಿಂದ ಬೆರಳನ್ನು ಸೊಟ್ಟಗೆ ಎಳೆದೆ. ಕೈ ಮುಗಿದೆ. ಐವತ್ತು ದಾಟಿದವಳು ಆ ಪಡಸಾಲೆಯಲ್ಲಿ ನಿಂತು ಅಳುತ್ತಿದ್ದೆ.

ಅವನು ನನ್ನನ್ನು ನೋಡಿದ. ಅಂಗೈಯನ್ನು ತನ್ನ ಸೊಂಟದ ಮಟ್ಟಕ್ಕೆ ಹಿಡಿದು ತೋರಿಸಿದ: ಆಗ ನೀನು ಇಷ್ಟಿದ್ದೆ. ಹೋಗಲಿ ಎಂದು ಕೈ ಬೀಸಿದ. ನನಗೆ ಒಂದು ಕ್ಷಣ ಹಗುರವಾಯಿತು. ಆಮೇಲೆ ಅದೇ ಅಂಗೈಯನ್ನು ನನ್ನ ನೆತ್ತಿಯ ಮೇಲಕ್ಕೆ ತಂದ. ಇನ್ನೊಂದು ಕೈಯ ಬೆರಳನ್ನು ನನ್ನ ಬಾಯಿಗೆ ತೋರಿಸಿದ. ಈಗ?

ಇಷ್ಟು ವರ್ಷ ನಾನು ಒಳಗೆ ಇಟ್ಟುಕೊಂಡಿದ್ದ ತಪ್ಪನ್ನು ಅವನು ಯಾವತ್ತೋ ಬದಿಗಿಟ್ಟಿದ್ದ. ತಿಂಗಳೊಪ್ಪತ್ತಿನ ಹಿಂದೆ, ತಿಳಿದೂ ತಿಳಿದೂ, ಎಲ್ಲರ ಮುಂದೆ ಅವನ ಮಾತು ನುಂಗಿದ್ದೆನಲ್ಲ, ಅವನು ಕೇಳುತ್ತಿದ್ದದ್ದು ಅದನ್ನು. ಅವನು ನಿಧಾನವಾಗಿ ಹೇಳಿದ: ನಾನು ಮತ್ತೆ ಹೇಳುತ್ತೇನೆ. ನೀನು ಬೇಡ. ಅಷ್ಟು ಹೇಳಿ ಏಣಿ ಹತ್ತಿ ಮಾಳಿಗೆಗೆ ಹೋದ. ಕ್ಷಮಿಸಿದೆನೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಮೇಲಿನಿಂದ ಕಸ ಬಾಚಿ ಹಾಕುವ ಸದ್ದು ಬಹಳ ಹೊತ್ತು ಕೇಳಿಸಿತು.

ಮರುದಿನ ನಾನು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಅವತ್ತೇ ನನಗ ಅನುಮಾನ ಇತ್ತು," ಎಂದಷ್ಟೇ ಅಂದರು. ಅವರು ಕಿವುಡ ಮಕ್ಕಳಿಗೆ ಪಾಠ ಹೇಳುವ ಒಬ್ಬ ಹುಡುಗಿಯನ್ನು ಹುಡುಕಿದರು. ಆಕೆಯ ತಂದೆ ತಾಯಿ ಇಬ್ಬರೂ ಕಿವುಡರು. ಬಾಯಿಮಾತಿಗಿಂತ ಮೊದಲು ಆಕೆ ಕಲಿತದ್ದು ಸಂಜ್ಞೆ ಭಾಷೆಯಂತೆ. ಅಣ್ಣನ ಸನ್ನೆಗಳು ನಮ್ಮ ಮನೆಯವು, ಆಕೆಯವು ಎಲ್ಲ ಕಿವುಡರು ಬಳಸುವಂಥವು. ಒಬ್ಬರದನ್ನೊಬ್ಬರು ಕಲಿಯಬೇಕಿತ್ತು. ಮೊದಲ ದಿನ ಸಹಾಯಕ್ಕೆಂದು ನಾನೂ ಕೋಣೆಯೊಳಗೆ ಕುಳಿತೆ. ಸ್ವಲ್ಪ ಹೊತ್ತಿಗೆ ಆಕೆ ನನ್ನ ಕಡೆ ತಿರುಗಿದಳು.

"ಆಂಟಿ, ನೀವು ಹೊರಗ ಕುಂದರ್ರಿ. ನೀವು ಇಲ್ಲಿದ್ರ ಅವರು ನಿಮ್ಮನ್ನೇ ನೋಡ್ತಾರ."

"ನಿನಗ ಅವನ ಮಾತು ತಿಳಿಯಂಗಿಲ್ಲವ್ವಾ."

"ತಿಳೀಲಿಲ್ಲಂದ್ರ ಅವರನ್ನೇ ಕೇಳ್ತೀನ್ರಿ."

ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಒಳಗಿನಿಂದ ಏನೂ ಕೇಳಿಸುವಂತಿರಲಿಲ್ಲ. ನಡುನಡುವೆ ಆಕೆ ನಗುವುದು, ಅಣ್ಣ ಉಸಿರು ಎಳೆದುಕೊಂಡು ನಗುವುದು ಮಾತ್ರ ಕೇಳಿಸುತ್ತಿತ್ತು. ಹೀಗೆ ಎಂಟು ಹತ್ತು ಭಾನುವಾರಗಳು ನಡೆದವು.

ಎರಡನೆಯ ಸಲ ಅಣ್ಣ ಕಥೆ ಹೇಳಿದ ದಿನ ನಾನು ಕೊನೆಯ ಸಾಲಿನಲ್ಲಿದ್ದೆ. ನನ್ನ ತಪ್ಪನ್ನು ಎಲ್ಲರೂ ಕೇಳುತ್ತಾರೆ, ಅದನ್ನು ತಲೆ ತಗ್ಗಿಸದೆ ಕೇಳಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಶಾಲೆಯ ಮಾತು ಎರಡು ವಾಕ್ಯದಲ್ಲಿ ಮುಗಿದುಹೋಯಿತು. "ತಂಗಿ ಸುಳ್ಳು ಹೇಳಿದಳು. ಅಪ್ಪ ಸಾಲಿ ಬಿಡಿಸಿದ." ಆ ಹುಡುಗಿಯ ದನಿಯಲ್ಲಿ ಅಷ್ಟೇ ಬಂತು. ಕೆಲವರು ತಿರುಗಿ ನನ್ನನ್ನು ನೋಡಿದರು. ಅಣ್ಣ ನೋಡಲಿಲ್ಲ. ಅವನ ಕಥೆ ಆಗಲೇ ಮಿಲ್ಲಿಗೆ ಹೋಗಿತ್ತು.

ಮಿಲ್ಲಿನ ಬಗ್ಗೆ ಅವನು ಹೇಳಿದ್ದೇ ಹೆಚ್ಚು. ಬೇಳೆ ಒಡೆಯುವ ಯಂತ್ರ ಕೆಡುವ ಮೊದಲೇ ಅವನ ಅಂಗಾಲಿಗೆ ಗೊತ್ತಾಗುತ್ತದಂತೆ. ಒಂದು ದಿನ ನೆಲದ ನಡುಕ ಬದಲಾದದ್ದು ತಿಳಿದು ಓಡಿಹೋಗಿ ಗುಂಡಿ ಒತ್ತಿ ನಿಲ್ಲಿಸಿದನಂತೆ; ಯಂತ್ರದ ತಿರುಗುವ ಪಟ್ಟಿಯ ಹತ್ತಿರ ಕೈಯಿಟ್ಟಿದ್ದವನ ಕೈ ಉಳಿಯಿತಂತೆ. ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಅವನು ಸಂಜೆ ಬಂದರೆ ನಾನು ಕೇಳುತ್ತಿದ್ದದ್ದು ಉಂಡೆಯಾ ಎಂದು ಮಾತ್ರ.

ಆಮೇಲೆ ಆ ಹುಡುಗಿ ಅಣ್ಣನ ಕೈಯನ್ನೇ ನೋಡುತ್ತ ಹೇಳಿದಳು: "ಮಿಲ್ಲಿನ್ಯಾಗ ಬ್ಯಾಳಿ ಹಸನ ಮಾಡಾಕ ಒಬ್ಬಾಕಿ ಬರ್ತಿದ್ಳು. ನನ್ನ ಜೋಡಿ ಕೈಲೇ ಮಾತಾಡ್ತಿದ್ಳು. ಆಕಿಗಿ ಯಾರೂ ಕಲಿಸಿರ್ಲಿಲ್ಲ, ತಾನೇ ಕಲ್ತಿದ್ಳು. ಎರಡು ವರ್ಷ ಬಂದ್ಳು. ಮದುವಿ ಆಗ್ತೀಯೇನು ಅಂತ ಕೇಳ್ಬೇಕು ಅನ್ನಿಸಿತ್ತು. ಆಕಿ ಮನಿಯವರ ಹತ್ರ ಮಾತಾಡಾಕ ತಂಗಿನೇ ಬೇಕು. ತಂಗಿ ಅಲ್ಲಿ ಹೋಗಿ ಏನು ಹೇಳ್ತಾಳೋ ನನಗ ನಂಬಿಕಿ ಇರ್ಲಿಲ್ಲ. ಕೇಳಲಿಲ್ಲ. ಆಕಿ ಕೆಲಸ ಬಿಟ್ಟು ಹೋದ್ಳು."

ನಾನು ನನ್ನ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದೆ. ಅಣ್ಣನಿಗೆ ಹೆಣ್ಣು ಯಾಕೆ ನೋಡಲಿಲ್ಲ ಎಂದು ಯಾರಾದರೂ ಕೇಳಿದರೆ, ಅವನಿಗೆ ಆ ಆಸೆಯೇ ಇಲ್ಲ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಅವನನ್ನು ಒಮ್ಮೆಯೂ ಕೇಳಿರಲಿಲ್ಲ.

ಪುಸ್ತಕದ ಕೆಲಸ ಶುರುವಾದಾಗ ಎಲ್ಲರ ಪುಟಗಳ ಕಾಗುಣಿತ ನೋಡುವ ಹೊಣೆ ನನಗೆ ಬಂತು. ಅಣ್ಣನ ಪುಟಗಳನ್ನು ಬೇರೆಯವರಿಗೆ ಕೊಡಿ ಎಂದೆ. "ಅದನ್ನೂ ನೀವೇ ನೋಡ್ರಿ," ಅಂದರು ಅಕ್ಕ. "ತಂಗಿ ಸುಳ್ಳು ಹೇಳಿದಳು" ಎಂಬ ಸಾಲಿನ ಹತ್ತಿರ ನನ್ನ ಪೆನ್ಸಿಲು ನಿಂತಿತು. ತಂಗಿ ಎನ್ನುವುದರ ಮುಂದೆ, ಅಂಚಿನಲ್ಲಿ ಸಣ್ಣದಾಗಿ, "ಏಳು ವರ್ಷದ" ಎಂದು ಬರೆದೆ. ಅದು ನಿಜವೇ ಆಗಿತ್ತು. ಆದರೆ ಅವನು ಆ ಮಾತು ಹೇಳಿರಲಿಲ್ಲ. ಅಳಿಸಿದೆ. ಕಾಗದ ಸ್ವಲ್ಪ ಒರಟಾಯಿತು. ಪುಟ ತಿರುಗಿಸುವಾಗ ಅಕ್ಕನ ಬೆರಳು ಅಲ್ಲಿ ತಡೆಯಿತು.

"ಇಲ್ಲಿ ಏನರ ಬರ್ದಿದ್ರೇನು?"

"ಬರ್ದಿದ್ದೆ ಅಕ್ಕಾ. ಅಳ್ಸೀನಿ."

ಅವರು ಮುಂದಿನ ಪುಟಕ್ಕೆ ಹೋದರು.

ಪುಸ್ತಕ ಬಂದು ಆರು ತಿಂಗಳಾಗುತ್ತ ಬಂತು. ಅಣ್ಣ ಈಗ ಬ್ಯಾಂಕಿಗೆ ತಾನೇ ಹೋಗುತ್ತಾನೆ. ಆ ಹುಡುಗಿ ಬರೆದುಕೊಟ್ಟ ಚೀಟಿ ಒಯ್ಯುತ್ತಾನೆ, ಇಲ್ಲವೇ ಆಕೆಗೆ ಫೋನಿನಲ್ಲಿ ಮುಖ ತೋರಿಸಿ ಮಾತಾಡುತ್ತಾನೆ. ಭಾನುವಾರ, ಆಕೆಯ ಮೂಲಕ ಸಿಕ್ಕ ಅವನ ಕಿವುಡ ಗೆಳೆಯರು ನಮ್ಮ ಮನೆಗೆ ಬರುತ್ತಾರೆ. ಅವರೆಲ್ಲ ಕೂಡಿ ಮಾತಾಡುವಾಗ ನನಗೆ ಹತ್ತರಲ್ಲಿ ಎರಡು ತಿಳಿಯುತ್ತದೆ. ನಾನೂ ಆ ಭಾಷೆ ಕಲಿಯಲು ಹೋಗುತ್ತಿದ್ದೇನೆ. ನನ್ನ ಬೆರಳು ಬೇಗ ಬಗ್ಗುವುದಿಲ್ಲ. ತಪ್ಪು ಮಾಡಿದರೆ ಅಣ್ಣ ನನ್ನ ಬೆರಳು ಹಿಡಿದು ತಿದ್ದುತ್ತಾನೆ, ಎರಡನೆಯ ಸಲವೂ ತಪ್ಪಿದರೆ ಸಿಡುಕುತ್ತಾನೆ. ಮಾತು ಬಿಟ್ಟಿದ್ದ ಆ ದಿನಗಳನ್ನು ನೆನೆದರೆ ಆ ಸಿಡುಕೂ ನನಗೆ ಹಿತವೆನ್ನಿಸುತ್ತದೆ, ಅದನ್ನು ಒಪ್ಪಿಕೊಳ್ಳಲು ನಾಚಿಕೆಯೂ ಆಗುತ್ತದೆ.

ಹೋದ ವಾರ ಊಟವಾದ ಮೇಲೆ ಧೈರ್ಯ ಮಾಡಿ, ಹೊಸದಾಗಿ ಕಲಿತ ಸನ್ನೆಗಳಲ್ಲೇ ಅವನನ್ನು ಕೇಳಿದೆ. ಬೇಳೆ ಹಸನು ಮಾಡುತ್ತಿದ್ದಾಕೆ, ಅವಳನ್ನು ನೀನು ಏನೆಂದು ಕರೆಯುತ್ತಿದ್ದೆ? ಅವಳಿಗೆ ಯಾವ ಸನ್ನೆ ಇಟ್ಟಿದ್ದೆ?

ಅವನು ನನ್ನ ಕೈಯನ್ನೇ ನೋಡುತ್ತಿದ್ದ. ನಾನು ಕೇಳಿದ್ದು ಪೂರ್ತಿ ತಿಳಿದಿದೆ ಎಂದು ತಲೆಯಾಡಿಸಿದ. ಆಮೇಲೆ, ನಿನಗೆ ಹೇಳುವುದಿಲ್ಲ ಎಂದ. ತಾಟು ಎತ್ತಿಕೊಂಡು ತೊಳೆಯಲು ಹೋದ.